ಗವಿಗೆ ಬಿಸಿಲು ಬಂದ ದಾರಿ

ಸಂಕ್ರಾಂತಿಯ ದಿನ ಮಧ್ಯಾಹ್ನ ಮೂರರ ಮೇಲೆ ಬೆಂಗಳೂರಿನ ವಿಜಯನಗರದಲ್ಲಿ ಆಟೋ ಹಿಡಿದು ‘ಗವೀಪುರ’ ಅಂದರೆ ಚಾಲಕ ಮೊದಲು ಆಕಾಶ ನೋಡುತ್ತಾನೆ, ಆಮೇಲೆ ನಿಮ್ಮ ಮುಖ ನೋಡುತ್ತಾನೆ. ‘ಗುಡಿ ಹತ್ರ ಬಿಡಕ್ಕಾಗಲ್ಲ ಸಾರ್, ಕೆಂಪಾಂಬುಧಿ ಕೆರೆ ಹತ್ರ ಇಳ್ಕೊಂಡ್ಬಿಡಿ.’ ಅದು ನ್ಯಾಯವೇ. ಅಷ್ಟು ಹೊತ್ತಿಗೆ ಗವಿ ಗಂಗಾಧರೇಶ್ವರನ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಳ್ಳು-ಬೆಲ್ಲದ ಪೊಟ್ಟಣ ಹಿಡಿದ ಹೆಂಗಸರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಗಂಡಸರು, ಟಿ.ವಿ. ವಾಹಿನಿಗಳ ವ್ಯಾನುಗಳು, ಹೊರಗೆ ನಿಂತವರಿಗಾಗಿ ಕಟ್ಟಿದ ದೊಡ್ಡ ಪರದೆ. ಎಲ್ಲರೂ ಕಾಯುತ್ತಿರುವುದು ಕೆಲವು ನಿಮಿಷದ ಬಿಸಿಲಿಗೆ. ಇಡೀ ವರ್ಷ ನೆತ್ತಿ ಸುಡುವ ಬಿಸಿಲನ್ನು ಬೈಯುತ್ತ ಓಡಾಡುವ ಊರು ಆ ಒಂದು ಸಂಜೆ ಒಂದು ಹಿಡಿ ಬಿಸಿಲಿಗಾಗಿ ಕೈಮುಗಿದು ನಿಲ್ಲುತ್ತದೆ.

ಒಳಗೆ ನಡೆಯುವುದು ಇಷ್ಟು. ಬಂಡೆಯ ಹೊಟ್ಟೆಯಲ್ಲಿರುವ ಗರ್ಭಗುಡಿ. ಲಿಂಗದ ಸುತ್ತ ಪ್ರದಕ್ಷಿಣೆ ಹಾಕಬೇಕಾದರೆ ಬೆನ್ನು ಬಾಗಿಸಿ, ತಲೆ ತಗ್ಗಿಸಿ ಹೋಗಬೇಕು. ಎತ್ತರದವನಾದರೆ ಬಂಡೆಯೇ ನಮಸ್ಕಾರ ಮಾಡಿಸುತ್ತದೆ. ಸಂಜೆ ಐದರ ನಂತರ, ಪಶ್ಚಿಮದ ಕಮಾನು ಕಿಂಡಿಯಿಂದ ತೂರಿದ ಸೂರ್ಯನ ಬೆಳಕು ನಂದಿಯ ಎರಡು ಕೊಂಬಿನ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಹೊರಗೆ ಸೂರ್ಯ ಇಳಿದಂತೆ ಒಳಗೆ ಬೆಳಕು ಏರುತ್ತದೆ, ಕಿರಣ ಮಲಗುತ್ತ ಹೋದಷ್ಟೂ ಇನ್ನೂ ಒಳಕ್ಕೆ, ಇನ್ನೂ ಮೇಲಕ್ಕೆ. ಪಾದದಿಂದ ನೆತ್ತಿಗೆ ಏರಿದ ಆ ಬೆಳಕಿಗೆ ಹಾಲಿನ ಅಭಿಷೇಕ ನಡೆಯುತ್ತದೆ. ಆಮೇಲೆ ಮತ್ತೆ ಕತ್ತಲೆ, ಎಣ್ಣೆದೀಪ, ಗಂಟೆಯ ಸದ್ದು. 2021ರ ಸಂಕ್ರಾಂತಿಯಲ್ಲಿ ಮೋಡ ಕವಿದು ಕಿರಣ ಬರಲೇ ಇಲ್ಲ. ಅಂದು ಸಂಜೆಯಿಂದಲೇ ಟಿ.ವಿ.ಗಳಲ್ಲಿ ಅಪಶಕುನದ ಚರ್ಚೆ ಶುರುವಾಗಿತ್ತು.

ಆ ಚರ್ಚೆ ಕೇಳುತ್ತಿದ್ದಾಗ ನನಗೆ ಹುಟ್ಟಿದ್ದು ಭಯವಲ್ಲ, ಕುತೂಹಲ. ಈ ಬಿಸಿಲು ಎಂದಿನಿಂದ ಬರುತ್ತಿದೆ? ‘ಅನಾದಿ ಕಾಲದಿಂದ’ ಎನ್ನುತ್ತಾರೆ. ಗೌತಮ ಋಷಿ ತಪಸ್ಸು ಮಾಡಿದ ಜಾಗ ಅದು, ಗೌತಮ ಕ್ಷೇತ್ರ ಎಂಬ ಹೆಸರೂ ಇದೆ. ಆದರೆ ಬಿಸಿಲಿಗೂ ಒಂದು ಚರಿತ್ರೆ ಇರುತ್ತದೆ, ಅದು ಬರುವ ದಾರಿಯಲ್ಲಿ ಯಾರೋ ಗೋಡೆ ಕಟ್ಟಿರುತ್ತಾರೆ ಎಂಬುದು ಹುಡುಕುತ್ತ ಹೋದಾಗಲಷ್ಟೇ ತಿಳಿದದ್ದು.

ಮೊದಲು ಕೆಂಪೇಗೌಡರ ಕಾಲಕ್ಕೆ ಹೋಗಬೇಕು. ಯಲಹಂಕ ನಾಡಪ್ರಭು ಒಂದನೆಯ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರಿಗೆ ನೆಲೆ ಕೊಟ್ಟರು. ತಮ್ಮದೇ ಭೈರವ ನಾಣ್ಯ ಟಂಕಿಸಿದರೆಂದು ವಿಜಯನಗರದ ಅರಸೊತ್ತಿಗೆಗೆ ಸಿಟ್ಟು ಬಂದು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟಿತು, ಬಿಡುಗಡೆಯಾಗಿ ಬಂದವರು ಹರಕೆ ತೀರಿಸಲು ಈ ಗವಿಯ ಗುಡಿಯನ್ನು ಕಟ್ಟಿಸಿದರು ಎಂಬುದು ಪರಂಪರೆಯ ಮಾತು. ಕತ್ತಲ ಕೋಣೆಯಿಂದ ಹೊರಬಂದವನು ಕತ್ತಲ ಗವಿಯ ದೇವರನ್ನೇ ಆರಿಸಿಕೊಂಡ ಎಂಬುದರಲ್ಲಿ ಕಥೆಗಾರನ ಕೈವಾಡ ಇರಬಹುದು. ಆದರೂ ಕಥೆ ಚೆನ್ನಾಗಿದೆ. ಗುಡಿಯ ಸುತ್ತಲಿನ ನೆಲದಲ್ಲಿ ಮಾತ್ರ ಆ ಮನೆತನದ ಗುರುತು ಎದ್ದು ಕಾಣುತ್ತದೆ. ಪಕ್ಕದ ಕೆಂಪಾಂಬುಧಿ ಕೆರೆಗೆ ಅವರ ಕುಲದೇವತೆ ಕೆಂಪಮ್ಮನ ಹೆಸರು. ಕೆರೆಯ ದಡದಲ್ಲಿ ಆ ಮನೆತನದವರು ಕಟ್ಟಿಸಿದ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಕೆರೆ ತುಂಬಿ ಹರಿದ ನೀರು ವೃಷಭಾವತಿಗೆ ಸೇರಿ, ಮೈಸೂರು ರಸ್ತೆಯ ಬಗಲಲ್ಲೇ ಕೆಂಗೇರಿಯತ್ತ ಹೋಗುತ್ತಿತ್ತು. ಇವತ್ತು ಮೂಗು ಮುಚ್ಚಿಕೊಂಡು ದಾಟುವ ಆ ಮೋರಿ ಒಂದು ಕಾಲಕ್ಕೆ ನಮ್ಮ ಪಶ್ಚಿಮದ ಊರುಗಳಿಗೆ ಗವಿಯ ಗುಡ್ಡದ ಮಳೆನೀರನ್ನು ತಲುಪಿಸುತ್ತಿದ್ದ ಹೊಳೆ.

ಆ ಮನೆತನದ ಪಾಲಿಗೆ ಗವಿ ಒಂದಲ್ಲ, ಎರಡು. ಇನ್ನೊಂದು ಗಂಗಾಧರೇಶ್ವರ ಇರುವುದು ತುಮಕೂರು ರಸ್ತೆಯಲ್ಲಿ, ದಾಬಸ್‌ಪೇಟೆಯ ಬಳಿಯ ಶಿವಗಂಗೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಕಡಿದಾದ ಬಂಡೆಬೆಟ್ಟ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಎನ್ನುತ್ತಾರೆ; ನನಗೆ ಎಲ್ಲ ಕಡೆಯಿಂದಲೂ ಬಂಡೆಯೇ ಕಂಡಿದೆ, ಭಕ್ತಿ ಸಾಲದು ಅಂತ ಕಾಣುತ್ತದೆ. ಬೆಟ್ಟದ ಮೈಯಲ್ಲಿ ಗವಿಯೊಳಗೆ ಗಂಗಾಧರೇಶ್ವರ, ಇನ್ನೊಂದು ಗವಿಯೊಳಗೆ ಹೊನ್ನಾದೇವಿ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಕೈಗೆ ಕೊಡುತ್ತಾರೆ. ಇನ್ನೂ ಮೇಲೆ ಒಳಕಲ್ಲು ತೀರ್ಥ: ಬಂಡೆಯ ಕುಳಿಯೊಳಗೆ ಭುಜದವರೆಗೆ ಕೈ ಇಳಿಸಬೇಕು, ನೀರು ಸಿಕ್ಕಿದರೆ ಪುಣ್ಯವಂತ. ಅಲ್ಲಿಂದಾಚೆ ಬಂಡೆಗೆ ಕೊರೆದ ಮೆಟ್ಟಿಲು, ಕಬ್ಬಿಣದ ಸರಳು. ತುದಿಯ ಅಂಚಿನಲ್ಲಿ ಕಲ್ಲಿನ ನಂದಿ ಕೂತಿದ್ದಾನೆ, ಅವನ ಸುತ್ತ ಪ್ರದಕ್ಷಿಣೆ ಹಾಕುವವರ ಒಂದು ಪಕ್ಕಕ್ಕೆ ಪ್ರಪಾತ. ಅಲ್ಲಿಗೆ ಬಂದ ಮಾರ್ಗದರ್ಶಿಗಳೆಲ್ಲ ಶಾಂತಲೆ ಹಾರಿದ ಜಾಗ ತೋರಿಸುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಹೊಯ್ಸಳ ವಿಷ್ಣುವರ್ಧನನ ರಾಣಿ ಶಿವಗಂಗೆಯಲ್ಲಿ ತೀರಿಕೊಂಡಳು, ಮಗಳ ಸಾವಿನ ದುಃಖದಲ್ಲಿ ತಾಯಿ ಮಾಚಿಕಬ್ಬೆ ಉಪವಾಸವಿದ್ದು ದೇಹ ಬಿಟ್ಟಳು ಎಂದಷ್ಟೆ. ಅದು 1131ರ ಮಾತು. ಹಾರಿದ್ದು ಶಾಸನದಲ್ಲಿಲ್ಲ, ಹಾರಿಸಿದವರು ನಾವು.

ಬೆಂಗಳೂರಿನ ಗವಿಗೆ ಸಂಕ್ರಾಂತಿಯ ಸಂಜೆ ಬೆಳಕು ಬಂದರೆ, ಅದೇ ಸಂಕ್ರಾಂತಿಯ ನಸುಕಿನಲ್ಲಿ ಶಿವಗಂಗೆಯ ನೆತ್ತಿಯ ಮೇಲೆ ನೀರು ಬರುತ್ತದೆ. ಗಂಗೋತ್ಪತ್ತಿ ಎಂದು ಅದಕ್ಕೆ ಹೆಸರು. ತುದಿಯ ತೀರ್ಥಕಂಬದ ಬುಡದಲ್ಲಿ ಜಿನುಗಿದ ನೀರನ್ನು ತಂದು ಕೆಳಗೆ ಗಂಗಾಧರನಿಗೂ ಹೊನ್ನಾದೇವಿಗೂ ಮದುವೆ ಮಾಡುತ್ತಾರೆ. ರಾತ್ರಿಯೆಲ್ಲ ಮೆಟ್ಟಿಲು ಹತ್ತಿ ಚಳಿಯಲ್ಲಿ ಕಾದವರಿಗೆ ಒಂದು ತೊಟ್ಟು ಸಿಕ್ಕಿದರೆ ಆ ವರ್ಷದ ಯಾತ್ರೆ ಕೈಗೂಡಿದಂತೆ. ಎರಡು ಗವಿ, ಒಬ್ಬನೇ ದೇವರ ಹೆಸರು, ಒಂದೇ ಹಬ್ಬ. ಎರಡರ ನಡುವೆ ಸುರಂಗ ಇದೆ ಎಂಬ ಕಥೆ ಹುಟ್ಟದೆ ಇರುತ್ತದೆಯೇ? ಗವೀಪುರದಲ್ಲಿ ಕೇಳಿದರೆ ‘ಇಲ್ಲಿಂದ ಒಳಗೇ ಶಿವಗಂಗೆಗೆ ದಾರಿ’ ಎನ್ನುತ್ತಾರೆ. ಇನ್ನೂ ಧಾರಾಳಿಗಳು ಕಾಶಿಯವರೆಗೆ ಒಯ್ಯುತ್ತಾರೆ. ಕಲ್ಲಿನ ಸುರಂಗ ಇರಲಿ ಬಿಡಲಿ, ಮನೆತನದ ಭಕ್ತಿಯ ದಾರಿಯಂತೂ ಇತ್ತು. ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿ 1609ರಲ್ಲಿ ಕೆಂಪೇಗೌಡರ ಪ್ರತಿಮೆ ಇಟ್ಟರು. ಕೈಮುಗಿದು ನಿಂತ ಅದನ್ನು ನೋಡಲು ಬೆಂಗಳೂರಿನವರು ಅಲ್ಲಿಗೇ ಹೋಗಬೇಕು.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರು ಹಿಡಿದಾಗ ಗೌಡರ ಮನೆತನ ಮಾಗಡಿಗೆ ಸರಿಯಿತು, 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ತೆಗೆದುಕೊಂಡರು. ಊರಿಗೆ ಒಡೆಯರು ಬದಲಾದರು, ಷಹಜಿ ಬಂದ, ಮೊಘಲರು ಬಂದರು, ಚಿಕ್ಕದೇವರಾಜರು ಬಂದರು, ಹೈದರ್ ಬಂದ. ಗವಿಯ ಪೂಜೆ ನಡೆದೇ ಇತ್ತು. ನಮ್ಮ ಬಿಸಿಲಿನ ಕಥೆಗೆ ಬೇಕಾದ ಮುಂದಿನ ಸಾಕ್ಷಿ ಮಾತ್ರ ಯಾರೂ ಊಹಿಸದ ಕಡೆಯಿಂದ ಬಂತು.

1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಪಡೆ ಬೆಂಗಳೂರಿನ ಪೇಟೆಗೂ ಆಮೇಲೆ ಕೋಟೆಗೂ ನುಗ್ಗಿತು. ಮರುವರ್ಷ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ಗೆದ್ದ ನಾಡನ್ನು ಚಿತ್ರದಲ್ಲಿ ಕಾಣುವ ಆಸೆ ಲಂಡನ್ನಿನವರಿಗೆ ಹುಟ್ಟಿತು. ಅಂಥ ಚಿತ್ರಗಳ ಬೆನ್ನು ಹತ್ತಿದ್ದವರು ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ. 1786ರಲ್ಲಿ ಕಲ್ಕತ್ತೆಗೆ ಬಂದಿಳಿದು ಗಂಗೆಯ ಬಯಲು, ಹಿಮಾಲಯದ ತಪ್ಪಲು ಎಲ್ಲ ಅಲೆದು 1792ರಲ್ಲಿ ಅವರು ಮೈಸೂರು ಸೀಮೆಗೆ ಬಂದರು. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಬೆಂಗಳೂರಿನಲ್ಲಿ ಕೋಟೆ ಬಿಟ್ಟು ಊರ ಹೊರಗಿನ ಬಂಡೆಗುಡ್ಡಕ್ಕೆ ಬಂದು, ಗವಿಯ ಬಾಯಿಯ ಎದುರು ಕೂತು ಚಿತ್ರ ಬರೆದರು.

ಡೇನಿಯಲ್‌ರ ಸಲಕರಣೆಗಳಲ್ಲಿ ಕ್ಯಾಮೆರಾ ಅಬ್ಸ್ಕ್ಯೂರಾ ಇತ್ತು. ಕತ್ತಲ ಪೆಟ್ಟಿಗೆ, ಅದಕ್ಕೊಂದು ಕಿಂಡಿ. ಹೊರಗಿನ ದೃಶ್ಯ ಕಿಂಡಿಯಿಂದ ನುಗ್ಗಿ ಒಳಗೆ ಮೂಡುತ್ತದೆ, ಅದರ ಮೇಲೆ ಗೆರೆ ಎಳೆದುಕೊಳ್ಳಬಹುದು. ಕತ್ತಲ ಗವಿ, ಅದಕ್ಕೊಂದು ಕಿಂಡಿ, ಒಳಗೆ ಮೂಡುವ ಸೂರ್ಯ ಎಂದು ನಮ್ಮವರು ಮಾಡಿಕೊಂಡಿದ್ದನ್ನೇ ಅವರು ಮರದ ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಿದ್ದರು. ಈ ಉಪಕರಣದ ದೆಸೆಯಿಂದ ಡೇನಿಯಲ್‌ರ ಚಿತ್ರಗಳಲ್ಲಿ ಅಳತೆ ನಂಬಬಹುದಾದಷ್ಟು ಖಚಿತ. ಗುಡ್ಡದ ಬಂಡೆಗಳು, ಅಂಗಳದ ಕಂಬಗಳು, ಸೂರ್ಯಪಾನ ಚಂದ್ರಪಾನ ಎಂದು ನಾವು ಕರೆಯುವ ಆ ದೊಡ್ಡ ಕಲ್ಲು ತಟ್ಟೆಗಳು, ಏಕಶಿಲೆಯ ತ್ರಿಶೂಲ, ಡಮರು. ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಅವರು ಇಂಡಿಯಾದ ಚಿತ್ರಗಳನ್ನು ತಾಮ್ರದ ತಗಡಿಗೆ ಇಳಿಸಿ ಅಚ್ಚು ಹಾಕಿ ಮಾರಿದರು. ಬೆಂಗಳೂರಿನ ಗವಿಯೂ ಅವುಗಳ ಜೊತೆ ಅಲ್ಲಿನ ಶ್ರೀಮಂತರ ದಿವಾನಖಾನೆಗಳನ್ನು ಸೇರಿತು.

ಅಲ್ಲಿಂದ 216 ವರ್ಷ ಕಳೆದ ಮೇಲೆ ಆ ಚಿತ್ರಗಳು ಬೆಂಗಳೂರಿಗೆ ಸಾಕ್ಷಿ ಹೇಳಲು ಬಂದವು. ನೆಹರು ತಾರಾಲಯದ ಬಿ.ಎಸ್. ಶೈಲಜಾ, ಜೊತೆಗೆ ಜಯಂತ್ ವ್ಯಾಸನಕೆರೆ ಮತ್ತು ಸುಧೀಶ್ ಗವಿಯ ಬಿಸಿಲನ್ನು ಅಳೆದು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರು ಕಂಡದ್ದರಲ್ಲಿ ಮೊದಲನೆಯದು ಸರಳ, ಆದರೂ ಊರಿಗೆ ಊರೇ ಗಮನಿಸದೆ ಬಿಟ್ಟದ್ದು: ಬೆಳಕು ಲಿಂಗಕ್ಕೆ ತಾಗುವುದು ವರ್ಷಕ್ಕೆ ಒಂದಲ್ಲ, ಎರಡು ಸಲ. ಜನವರಿ 13ರಿಂದ 16ರ ನಡುವೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರ ನಡುವೆ ಇನ್ನೊಮ್ಮೆ. ಯೋಚಿಸಿದರೆ ಹಾಗಾಗಲೇಬೇಕು. ಡಿಸೆಂಬರ್ 21-22ರ ತನಕ ದಕ್ಷಿಣಕ್ಕೆ ಸರಿಯುವ ಸೂರ್ಯ ಅಲ್ಲಿಂದ ಅದೇ ಹೆಜ್ಜೆಯಲ್ಲಿ ಹಿಂತಿರುಗುತ್ತಾನೆ. ಹೋಗುವಾಗ ಮುಳುಗಿದ ಜಾಗದಲ್ಲೇ ಬರುವಾಗಲೂ ಮುಳುಗುತ್ತಾನೆ. ಆದರೆ ನವೆಂಬರ್ ಕೊನೆಗೆ ನಮಗೆ ಹಬ್ಬವಿಲ್ಲ, ಹಾಗಾಗಿ ಆ ಬಿಸಿಲಿಗೆ ಲೆಕ್ಕವಿಲ್ಲ.

ಎರಡನೆಯ ಸಂಗತಿ ಡೇನಿಯಲ್‌ರ ಚಿತ್ರದಿಂದ ಹೊರಟದ್ದು. 1792ರಲ್ಲಿ ಗವಿಯ ಮುಂದೆ ಇವತ್ತಿನಷ್ಟು ಕಟ್ಟಡ ಇರಲಿಲ್ಲ. ಈಗಿನ ಗೋಡೆಗಳೆಲ್ಲ ಆಗ ಇರಲಿಲ್ಲ. ಆ ಬಯಲಿನಲ್ಲಿ ಬೇಸಿಗೆಯ ಅಯನಕ್ಕೂ ಚಳಿಗಾಲದ ಅಯನಕ್ಕೂ ಬಿಸಿಲು ಗುಡಿಯನ್ನು ತಲುಪುತ್ತಿತ್ತು ಎಂಬುದು ಸಂಶೋಧಕರ ತೀರ್ಮಾನ. ಅಂದರೆ ನಾವು ಕಾಯುವ ಈ ಸಣ್ಣ ಕಿರಣ ದೊಡ್ಡ ಬಿಸಿಲೊಂದರ ಉಳಿಕೆ. ಆಮೇಲೆ ಕಟ್ಟಿದವರು ಒಂದೊಂದಾಗಿ ಗೋಡೆ ಎಬ್ಬಿಸಿ ಬೆಳಕನ್ನು ಕಿರಿದು ಮಾಡುತ್ತ ಬಂದರು, ಕೊನೆಗೆ ಉಳಿದದ್ದು ಒಂದು ಕಿಂಡಿ. ಕಿರಿದಾದಷ್ಟೂ ಅದರ ಬೆಲೆ ಏರಿತು.

ಇದರ ಮೇಲೆ ನನ್ನದೊಂದು ಲೆಕ್ಕ ಸೇರಿಸುತ್ತೇನೆ. ಪಂಚಾಂಗ ಬಲ್ಲವರು ತಿದ್ದಲಿ. ಸಂಕ್ರಾಂತಿ ಸೂರ್ಯನ ಹಬ್ಬವಾದರೂ ಅದರ ದಿನ ಸೂರ್ಯನ ಅಯನಕ್ಕೆ ಅಂಟಿಕೊಂಡಿಲ್ಲ, ನಕ್ಷತ್ರಗಳ ಮಕರ ರಾಶಿಗೆ ಅಂಟಿಕೊಂಡಿದೆ. ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ವರ್ಷಕ್ಕೆ 20 ನಿಮಿಷ ಎಂದರೆ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ. ಹೀಗೆ ಸಂಕ್ರಾಂತಿ ಜಾರುತ್ತಿದೆ. ಸಾಕ್ಷಿ ಬೇಕೇ? ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ಆ ತಾರೀಕು 1863ರ ಜನವರಿ 12. ಈಗ ಜನವರಿ 14 ಅಥವಾ 15. ಹಿಂದಕ್ಕೆ ಎಣಿಸುತ್ತ ಹೋದರೆ ಕೆಂಪೇಗೌಡರ ಕಾಲದಲ್ಲಿ ಸಂಕ್ರಾಂತಿ ಬರುತ್ತಿದ್ದುದು ಅಯನದ ದಿನ ಕಳೆದ 16-17 ದಿನಕ್ಕೆ. ಇಂದು 24 ದಿನಕ್ಕೆ. ಆ ಒಂದು ವಾರದ ಅಂತರದಲ್ಲಿ ಸೂರ್ಯ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ, ಎಂದರೆ ಎರಡು ಸೂರ್ಯಬಿಂಬ ಪಕ್ಕಪಕ್ಕ ಇಟ್ಟಷ್ಟು. ಈಗಿನ ಕಿಂಡಿ ಜನವರಿಯಲ್ಲಿ ಒಪ್ಪಿಕೊಳ್ಳುವುದು ನಾಲ್ಕೇ ದಿನದ ಸೂರ್ಯನನ್ನು. ಈ ಗೋಡೆ, ಈ ಕಿಂಡಿ ಇದ್ದ ಹಾಗೆಯೇ 1540ರ ಸುಮಾರಿಗೆ ಒಯ್ದು ನಿಲ್ಲಿಸಿದರೆ ಕೆಂಪೇಗೌಡರ ಸಂಕ್ರಾಂತಿಯಂದು ಕಿರಣ ಲಿಂಗ ತಪ್ಪಿ ಪಕ್ಕದ ಬಂಡೆಗೆ ಬಿದ್ದೀತು. ವಿವೇಕಾನಂದರು ಹುಟ್ಟಿದ ಸಂಜೆಯೂ ಕಿಂಡಿಯ ಅಂಚಿನಲ್ಲೇ ತಡವರಿಸಿರಬೇಕು. ಇನ್ನು ಒಂದೂವರೆ-ಎರಡು ಶತಮಾನ ಕಳೆದರೆ ಸಂಕ್ರಾಂತಿಯೇ ಕಿಂಡಿ ದಾಟಿ ಜನವರಿ 17ರತ್ತ ಹೊರಟುಹೋಗುತ್ತದೆ. ಆಗಿನವರು ಗೋಡೆ ಒಡೆಯುತ್ತಾರೋ, ಪಂಚಾಂಗ ತಿದ್ದುತ್ತಾರೋ ನೋಡಲು ನಾವಿರುವುದಿಲ್ಲ.

ಹಬ್ಬ ಸೂರ್ಯನ ಕೈ ಬಿಡಿಸಿಕೊಂಡು ನಡೆದುಹೋಗುವ ಈ ಕಥೆ ನಮ್ಮದೊಂದೇ ಅಲ್ಲ. ಇಥಿಯೋಪಿಯಾದ ಉತ್ತರಕ್ಕೆ, ತಿಗ್ರಾಯ್ ಸೀಮೆಯ ಗೆರಾಲ್ತಾ ಎಂಬಲ್ಲಿ ಕೆಂಪು ಮರಳುಗಲ್ಲಿನ ಕಂಬದಂಥ ಬೆಟ್ಟಗಳಿವೆ. ಅಂಥದೊಂದರ ಕಡಿದಾದ ಗೋಡೆಯಲ್ಲಿ, ಸುಮಾರು 2,580 ಮೀಟರ್ ಎತ್ತರದಲ್ಲಿ ಅಬುನ ಯೆಮಾತ ಎಂಬ ಗವಿ ಇಗರ್ಜಿ. ಐದು-ಆರನೆಯ ಶತಮಾನದಲ್ಲಿ ಹೊರನಾಡಿನಿಂದ ಬಂದು ಅಲ್ಲಿ ಕ್ರೈಸ್ತಮತ ಬೇರೂರಿಸಿದರೆನ್ನುವ ಒಂಬತ್ತು ಸಂತರಲ್ಲಿ ಒಬ್ಬನ ಹೆಸರು ಅದಕ್ಕೆ. ಮೆಟ್ಟಿಲಿಲ್ಲ. ಬರಿಗಾಲಲ್ಲಿ, ಬಂಡೆಯ ಗುಳಿಗಳಿಗೆ ಬೆರಳು ಸಿಕ್ಕಿಸಿ ಹತ್ತಬೇಕು. ಕೊನೆಗೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ ಇರುವ ಸಣ್ಣ ಅಂಚಿನ ಮೇಲೆ ನಡೆಯಬೇಕು. ಬಾಣಂತಿಯರು ದೀಕ್ಷಾಸ್ನಾನಕ್ಕೆಂದು ಎಳೆಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಾರೆ. ಒಳಗೆ ಮೇಲ್ಛಾವಣಿಯ ಗುಮ್ಮಟದಿಂದ, ಐನೂರು ವರ್ಷ ಹಳೆಯ ಬಣ್ಣದಲ್ಲಿ, ಅಪೊಸ್ತಲರು ದೊಡ್ಡ ಕಣ್ಣು ಬಿಟ್ಟು ನೋಡುತ್ತಾರೆ. ಶಿವಗಂಗೆಯ ತುದಿಯ ನಂದಿಗೆ ಸುತ್ತು ಬಂದವರಿಗೆ ಆ ಅಂಚಿನ ಮೇಲೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಕ್ರಿಸ್ಮಸ್ ಜನವರಿ 7ಕ್ಕೆ, ನೀರಿನ ಹಬ್ಬ ತಿಮ್‌ಕತ್ ಜನವರಿ 19ಕ್ಕೆ, ನಮ್ಮ ಸಂಕ್ರಾಂತಿಯ ಹಿಂದೆ ಮುಂದೆ. ಹಬ್ಬ ಕಟ್ಟಿದ ಕಾಲದಲ್ಲಿ ಕ್ರಿಸ್ಮಸ್ ಚಳಿಗಾಲದ ಅಯನದ ಪಕ್ಕದಲ್ಲೇ ಇತ್ತು. ಹಳೆಯ ಲೆಕ್ಕದ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದವಿದ್ದದ್ದರಿಂದ ಅದೂ ಜಾರಿತು. ಯೂರೋಪು 1582ರಿಂದ ಪಂಚಾಂಗ ತಿದ್ದಿಕೊಂಡಿತು, ಇಥಿಯೋಪಿಯಾ ತಿದ್ದಲಿಲ್ಲ. ಇಬ್ಬರ ನಡುವೆ ಈಗ 13 ದಿನದ ಅಂತರ. ಅವರದೇ ಬಳಗದ ಸುರಿಯಾನಿ ಆರ್ಥೊಡಾಕ್ಸ್ ಮಂದಿ ನಮ್ಮ ಉಡುಪಿಯ ಬ್ರಹ್ಮಾವರದಲ್ಲೂ ಇದ್ದಾರೆ. ಅವರು ಮಾತ್ರ ಡಿಸೆಂಬರ್ 25ಕ್ಕೇ ಕ್ರಿಸ್ಮಸ್ ಮುಗಿಸುತ್ತಾರೆ. ಯಾರ ದಿನ ಸರಿ ಎಂದು ಸೂರ್ಯನನ್ನು ಕೇಳಿದರೆ ಯಾರದ್ದೂ ಅಲ್ಲ.

ಕಳೆದ ನವೆಂಬರ್ ಕೊನೆಗೆ ನಾನು ಗವೀಪುರಕ್ಕೆ ಹೋದೆ. ಆಟೋ ತಕರಾರಿಲ್ಲದೆ ಗುಡಿಯ ಬಾಗಿಲಿಗೇ ಬಿಟ್ಟಿತು. ಮೊದಲ ದಿನ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮೋಡ, ಜಿಟಿಜಿಟಿ. ಈ ಕಾಲದ ಬಿಸಿಲಿಗೆ ಹಬ್ಬ ಕಟ್ಟದಿದ್ದವರು ಹುಂಬರೇನಲ್ಲ ಅನ್ನಿಸಿತು. ಎರಡು ದಿನ ಬಿಟ್ಟು ಆಕಾಶ ತೊಳೆದಂತಾದಾಗ ಮತ್ತೆ ಹೋದೆ. ಒಳಗೆ ಏಳೆಂಟು ಜನ. ಒಬ್ಬ ಹುಡುಗ ಪರೀಕ್ಷೆಯ ಹಾಲ್ ಟಿಕೆಟ್ ಹಿಡಿದು ಕೈಮುಗಿಯುತ್ತಿದ್ದ, ಒಬ್ಬ ಅಜ್ಜಿ ಕಣ್ಣಿನ ದೋಷಕ್ಕೆಂದು ಎರಡು ತಲೆಯ ಅಗ್ನಿಮೂರ್ತಿಯ ಮುಂದೆ ನಿಂತಿದ್ದರು. ಐದು ದಾಟಿದ ಮೇಲೆ ನಂದಿಯ ಬೆನ್ನು ಹೊಳೆಯಿತು, ಕೊಂಬು ಹೊಳೆಯಿತು. ಪೀಠದ ಅಂಚಿನಲ್ಲಿ ಒಂದು ಅರಿಶಿನದ ಪಟ್ಟಿ ಮೂಡಿ ನಿಧಾನಕ್ಕೆ ಮೇಲೇರತೊಡಗಿತು. ಯಾರೂ ಗಂಟೆ ಬಾರಿಸಲಿಲ್ಲ. ಹುಡುಗ ಕುಂಕುಮ ಇಟ್ಟುಕೊಂಡು ಹೊರಟ.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಹೂ ಮಾರುವ ಹೆಂಗಸು ನಾನು ಅಷ್ಟು ಹೊತ್ತು ಒಳಗಿದ್ದದ್ದು ಕಂಡು ಏನು ನೋಡಿದಿರಿ ಎಂದು ಕೇಳಿದರು. ಬಿಸಿಲು ಎಂದೆ.

‘ಅದಕ್ಕೆ ಸಂಕ್ರಾಂತಿಗೆ ಬರ್ಬೇಕು ಸಾರ್,’ ಎಂದರು.